ಪಾಸು ಹೇಳುವ ಕೆಲಸ

ನಾನು ಹೈಸ್ಕೂಲು ಮುಗಿಸಿದವನು, ಅದರಾಚೆ ಓದಿಲ್ಲ. ಇಂಗ್ಲಿಷು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಅಂಗಡಿಯ ಬೋರ್ಡು ಓದುವಷ್ಟು ಬರುತ್ತದೆ ಎನ್ನುತ್ತೇನೆ. ಆದರೆ ಒಂದು ಇಂಗ್ಲಿಷ್ ಶಬ್ದವನ್ನು ಬೆಳಗಾವಿಯಲ್ಲಿ ನನ್ನಷ್ಟು ಸಲ ಹೇಳಿದವರು ಇರಲಿಕ್ಕಿಲ್ಲ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ನಾನು ಚೆಕರ್ ಆಗಿದ್ದೆ. ಎರಕ ಹೊಯ್ದು ತಣ್ಣಗಾದ ಕಬ್ಬಿಣದ ಸಾಮಾನು ನನ್ನ ಮುಂದೆ ಬರಬೇಕು, ನಾನು ನೋಡಿ ‘ಪಾಸ್’ ಎನ್ನಬೇಕು, ಆಮೇಲೆ ಅದು ಲಾರಿ ಹತ್ತಬೇಕು. ಹಬ್ಬ, ರಜೆ, ನೆಗಡಿ ಬಿಟ್ಟು ಉಳಿದ ದಿನವೆಲ್ಲ ಬೆಳಗಿನಿಂದ ಸಂಜೆಯವರೆಗೆ ಇದೇ ಜಪ. ರವಿವಾರ ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿದು ಮುಂದಿಟ್ಟರೂ ಒಮ್ಮೊಮ್ಮೆ ಬಾಯಿ ತಪ್ಪಿ ‘ಪಾಸ್’ ಅಂದುಬಿಡುತ್ತಿದ್ದೆ. ಅವಳು ಸುಮ್ಮನಿರುವವಳಲ್ಲ. “ರೊಟ್ಟಿ ಪಾಸ್ ಆಗಿದ್ದು ದೊಡ್ಡದಲ್ಲ ಬಿಡ್ರಿ, ಮೊದಲ ನಿಮ್ಮ ಹಲ್ಲು ಪಾಸ್ ಆಗ್ಲಿ,” ಎನ್ನುತ್ತಿದ್ದಳು.

ಈಗ ಶಿವಬಸವ ನಗರದ ಮನೆಯಲ್ಲಿ ಆರಾಮಾಗಿದ್ದೇನೆ. ಬೆಳಿಗ್ಗೆ ನಮ್ಮ ಓಣಿಯ ತುದಿಯ ಗಾರ್ಡನ್ನಿನಲ್ಲಿ ಮೂರು ಸುತ್ತು ನಡೆದು ಕಲ್ಲುಬೆಂಚಿನ ಮೇಲೆ ಕೂಡುತ್ತೇನೆ. ಅಲ್ಲಿ ನನಗೆ ಇಬ್ಬರು ಜೊತೆಗಾರರು. ಒಬ್ಬರು ಇಂಗ್ಲಿಷ್ ಕಲಿಸಿ ರಿಟೈರ್ ಆದ ಮಾಸ್ತರರು. ಇನ್ನೊಬ್ಬರು ಗೋವಾಕ್ಕೆ ತರಕಾರಿ ಒಯ್ಯುವ ಟೆಂಪೋ ಇಟ್ಟುಕೊಂಡಿದ್ದವರು. ಅವರಿಗೆ ಎದೆಯ ಆಪರೇಷನ್ ಆಗಿದೆ, ಆದರೆ ದನಿ ಇನ್ನೂ ಹಾರ್ನಿನಂತೆಯೇ ಇದೆ.

ಮೊನ್ನೆ ಒಂದು ಬೆಳಿಗ್ಗೆ ಮಾಸ್ತರರು, “ಇಂಗ್ಲಿಷ್‌ನಾಗ ಶಬ್ದ ಸಣ್ಣದಿದ್ದಷ್ಟೂ ಅರ್ಥ ಜಾಸ್ತಿ ಇರತಾವು,” ಅಂದರು.

“ಸಣ್ಣ ಮನಷ್ಯಾನ್ನಾಗ ಸಿಟ್ಟು ಜಾಸ್ತಿ ಇದ್ದಂಗ,” ಅಂದರು ಟೆಂಪೋದವರು, ಮಾಸ್ತರರ ಎತ್ತರವನ್ನು ಕಣ್ಣಿನಿಂದಲೇ ಅಳೆಯುತ್ತ.

ಮಾಸ್ತರರು ಅದನ್ನು ಕೇಳಿಸಿಕೊಳ್ಳಲಿಲ್ಲ. “ಈಗ ಪಾಸ್ ಅನ್ನೂದನ್ನ ತಗೋರಿ. ಎಷ್ಟು ಅರ್ಥ ಹೇಳತೀರಿ ಹೇಳ್ರಿ ನೋಡೂಣು. ಕಡಿಮಿ ಹೇಳಿದಾವ್ರು ಮಿರ್ಚಿ ಭಜಿ ಕೊಡಸಬೇಕು.”

ಭಜಿಯ ಮಾತು ಬಂದ ಮೇಲೆ ಟೆಂಪೋದವರು ಬಿಡುವವರಲ್ಲ. ಪರೀಕ್ಷೆ ಪಾಸು, ಬಸ್ಸಿನ ಪಾಸು, ಗೇಟ್ ಪಾಸು ಎಂದು ಒಂದೇ ಉಸಿರಿಗೆ ಹೇಳಿದರು. ಬ್ಯಾಂಕಿನಲ್ಲಿ ಲೋನು ಪಾಸಾಗುತ್ತದೆ, ಕಾರ್ಪೊರೇಶನ್ನಿನಲ್ಲಿ ಠರಾವು ಪಾಸಾಗುತ್ತದೆ ಎಂದರು. ಅವರ ದೊಡ್ಡ ಅನುಭವವಂತೂ ಗಾಡಿಯ ಪಾಸಿಂಗು. ಟೆಂಪೋಕ್ಕೆ ಬಣ್ಣ ಹೊಡೆಸಿ, ಒಡೆದ ದೀಪ ಹಾಕಿಸಿ, ಹೊಸ ಸೊಸೆಯನ್ನು ಕರೆದೊಯ್ದ ಹಾಗೆ ಆರ್‌ಟಿಓ ಮುಂದೆ ನಿಲ್ಲಿಸಿದ ದಿನಗಳನ್ನು ಅವರು ಮದುವೆಯ ನೆನಪಿಗಿಂತ ಹೆಚ್ಚು ಬಣ್ಣಿಸುತ್ತಾರೆ. ಎದೆಯ ಬೈಪಾಸು, ಹೈವೇಯ ಬೈಪಾಸು ಎರಡನ್ನೂ ಬೇರೆ ಬೇರೆ ಎಣಿಸಬೇಕೆಂದು ಜಗಳ ತೆಗೆದರು.

“ಎರಡೂ ಒಂದ. ನಡುವಿನ ಗದ್ಲ ತಪ್ಪಿಸಿ ಬಾಜುಕಿಂದ ಹೋಗೂದು,” ಅಂದರು ಮಾಸ್ತರರು.

“ನಿಮಗ ಒಂದ ಇರಬಹುದ್ರಿ. ಎದಿ ಕೊಯ್ಸಕೊಂಡಾವ ನಾನು.”

ಆಗ ಮಾಸ್ತರರು ತಮ್ಮ ಕಡೆಯ ಹತಾರ ತೆಗೆದರು. ಎರಡು ಗುಡ್ಡಗಳ ನಡುವಿನ ದಾರಿಗೂ ಇಂಗ್ಲಿಷಿನಲ್ಲಿ ಪಾಸ್ ಅನ್ನುತ್ತಾರಂತೆ. ಅಂದರೆ ನಮ್ಮ ಚೋರ್ಲಾ ಘಾಟವೂ ಒಂದು ಪಾಸು. ಟೆಂಪೋದವರು ಹಣೆ ಚಚ್ಚಿಕೊಂಡರು. “ನಲವತ್ತು ವರ್ಷ ಆ ಘಾಟ ಇಳದೀನಿ. ಅದು ಪಾಸ್ ಅಂತ ಒಬ್ಬ ಮಗಾನೂ ಹೇಳ್ಲಿಲ್ಲ,” ಅಂದರು. ಸತ್ತವರನ್ನೂ ಇಂಗ್ಲಿಷರು ಪಾಸಾದರು ಅನ್ನುತ್ತಾರೆಂದು ಮಾಸ್ತರರು ಹೇಳಿದಾಗ ಮಾತ್ರ ಅವರಿಗೆ ಸಮಾಧಾನವಾಯಿತು. “ಹಂಗಾದ್ರ ಆ ಪರೀಕ್ಷಾದಾಗ ನಾ ಫೇಲ್ ಆಗಿ ಬಂದೀನಿ. ಡಾಕ್ಟರ್ ಪುಣ್ಯಾ.”

ಟೈಮ್‌ಪಾಸ್ ಮಾತು ನಾನು ಹೇಳಿದೆ. ರೈಲಿನಲ್ಲಿ ಶೇಂಗಾ ಮಾರುವವನು ಶೇಂಗಾ ಎಂದು ಕೂಗುವುದಿಲ್ಲ, ಟೈಮ್‌ಪಾಸ್ ಎಂದೇ ಕೂಗುತ್ತಾನೆ. ಅದು ನಮ್ಮವರು ಮಾಡಿಕೊಂಡ ಅರ್ಥ, ಇಂಗ್ಲಿಷರಿಗೆ ಅದರ ರುಚಿ ಗೊತ್ತಿರಲಿಕ್ಕಿಲ್ಲ ಎಂದು ಮಾಸ್ತರರೂ ಒಪ್ಪಿದರು.

ಹೀಗೆ ನಗುತ್ತ ಕೂತಾಗ ಟೆಂಪೋದವರು ನನ್ನ ಕಡೆ ತಿರುಗಿದರು. “ಚೆಕರ್ ಸಾಹೇಬ್ರ, ಜೀವಮಾನಾ ಪಾಸ್ ಅಂದಾವ್ರು ನೀವು. ಒಂದ ಹೇಳಿ ಸುಮ್ನಾದ್ರ ಹೆಂಗ?”

“ನನ್ನ ಪಾಸಿಗೆ ಒಂದ ಅರ್ಥ. ಮಾಲು ಚಲೋ ಇದ್ರ ಪಾಸ್, ಕೆಟ್ಟಿದ್ರ ರಿಜೆಕ್ಟ್,” ಅಂದೆ.

“ಚಲೋ ಇದ್ದ ಮಾಲು ಎಂದರ ರಿಜೆಕ್ಟ್ ಮಾಡೀರೇನು?” ಅವರು ಸುಮ್ಮನೆ ಚೇಷ್ಟೆಗೆ ಕೇಳಿದ್ದು.

“ಛೆ, ಎಂದೂ ಇಲ್ಲ,” ಅಂದೆ.

ಅದು ಸುಳ್ಳು. ಎಪ್ಪತ್ತು ದಾಟಿದ ಮೇಲೆ, ಬೆಳಗಿನ ಎಳೆಬಿಸಿಲಿನಲ್ಲಿ ಕೂತು, ಭಜಿಯ ಆಟದಲ್ಲಿ ನಾನು ಹೇಳಿದ ಸುಳ್ಳು. ಅದನ್ನು ಸರಿಮಾಡಲೆಂದೇ ಇದನ್ನು ಬರೆಯುತ್ತಿದ್ದೇನೆ.

ಚೆಕರನ ಕೆಲಸ ಹೇಗಿರುತ್ತದೆಂದು ಸ್ವಲ್ಪ ಹೇಳಬೇಕು. ಫೌಂಡ್ರಿಯಲ್ಲಿ ಪೆಟ್ಟಿಗೆಯೊಳಗೆ ಉಸುಕು ತುಂಬಿ, ಬಡಿದು, ಅದರಲ್ಲಿ ಸಾಮಾನಿನ ಆಕಾರ ಮೂಡಿಸುವವನು ಮೋಲ್ಡರ್. ಆ ಪೊಳ್ಳಿನಲ್ಲಿ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ನಮ್ಮಲ್ಲಿ ಪ್ರತಿ ಮೋಲ್ಡರನಿಗೂ ಒಂದು ನಂಬರು. ತಾನು ಬಡಿದ ಉಸುಕಿನಲ್ಲಿ ಅವನು ಆ ನಂಬರು ಒತ್ತುತ್ತಾನೆ, ಅದು ಕಬ್ಬಿಣದ ಮೇಲೆ ಉಬ್ಬಿಕೊಂಡು ಬರುತ್ತದೆ. ಯಾರ ಕೈಯ ಕೆಲಸ ಎಂಬುದು ಬಚ್ಚಿಡಲು ಆಗುವುದಿಲ್ಲ. ಸಾಮಾನು ನನ್ನ ಮೇಜಿಗೆ ಬಂದಾಗ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿ ಕೊಡುತ್ತಿದ್ದೆ. ಗಂಟೆಯ ಹಾಗೆ ನಾದ ಬಂದರೆ ಗಟ್ಟಿ, ಒಡಕು ದನಿ ಬಂದರೆ ಬಿರುಕು. ಆಮೇಲೆ ಕಣ್ಣಿನಿಂದ ನೋಡಿ ಹಳದಿ ಬಣ್ಣದ ಬೊಟ್ಟು ಇಟ್ಟರೆ ಪಾಸು, ಕೆಂಪು ಇಟ್ಟರೆ ರಿಜೆಕ್ಟ್. ಕೆಂಪು ಬಿದ್ದದ್ದನ್ನು ಮಾಡಿದವನೇ ದೊಡ್ಡ ಸುತ್ತಿಗೆ ತೆಗೆದುಕೊಂಡು ಎಲ್ಲರ ಮುಂದೆ ಒಡೆಯಬೇಕು. ಚೂರುಗಳು ಅದೇ ದಿನ ಭಟ್ಟಿಗೆ ಬಿದ್ದು ಕರಗುತ್ತಿದ್ದವು. ಅಂದರೆ ನನ್ನ ತೀರ್ಪಿಗೆ ಅಪೀಲು ಇರಲಿಲ್ಲ, ಸಾಕ್ಷಿಯೂ ಉಳಿಯುತ್ತಿರಲಿಲ್ಲ.

ಹದಿನೇಳನೇ ನಂಬರಿನವನು ಬೀಡಿ ಊರಿನ ಹುಡುಗ. ಖಾನಾಪುರ ತಾಲ್ಲೂಕಿನ ಬೀಡಿಯಿಂದ ಬಂದು ಉದ್ಯಮಬಾಗದ ಹಿಂದೆ ಒಂದು ಖೋಲಿ ಹಿಡಿದಿದ್ದ. ಬೀಡಿ ಊರಿನವನಾದರೂ ಬೀಡಿ ಸೇದುವುದಿಲ್ಲ ಎಂಬುದು ಅವನ ಮೇಲಿನ ಹಳೆಯ ಜೋಕು. ಅದಕ್ಕೆ ಪ್ರತಿ ಸಲವೂ ಅವನೇ ಮೊದಲು ನಗುತ್ತಿದ್ದ. ಒಳ್ಳೆಯ ಕೈ. ಉಸುಕನ್ನು ಎಷ್ಟು ಬಿಗಿಯಾಗಿ ಬಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಆದರೆ ಅವನು ಟೆಂಪರವರಿ. ನಮ್ಮ ಮಾಲೀಕರದು ಒಂದು ನಿಯಮವಿತ್ತು. ಟೆಂಪರವರಿ ಮೋಲ್ಡರನ ಒಂದು ಪೂರ್ತಿ ತಿಂಗಳ ಮಾಲಿನಲ್ಲಿ ಒಂದೂ ಕೆಂಪು ಬೊಟ್ಟು ಬೀಳದಿದ್ದರೆ ಅವನನ್ನು ಪರ್ಮನೆಂಟ್ ಮಾಡುತ್ತಿದ್ದರು. ಒಂದು ಬಿದ್ದರೂ ಮತ್ತೆ ಮೊದಲಿನಿಂದ.

ಆ ತಿಂಗಳು ಅವನದು ಸ್ವಚ್ಛವಾಗಿ ಸಾಗಿತ್ತು. ಎಲ್ಲರೂ ದಿನ ಎಣಿಸುತ್ತಿದ್ದರು. ಅವನಿಗೆ ಆಗಷ್ಟೇ ಖಾನಾಪುರದ ಹುಡುಗಿಯ ಜೊತೆ ಮದುವೆಯಾಗಿತ್ತು. ಪರ್ಮನೆಂಟ್ ಆದ ಮೇಲೆ ಕರೆದುಕೊಂಡು ಬರುತ್ತೇನೆಂದು ಅವಳನ್ನು ತವರಲ್ಲೇ ಬಿಟ್ಟಿದ್ದ. ನಮ್ಮನ್ನೆಲ್ಲ ಊಟಕ್ಕೆ ಕರೆಯುತ್ತೇನೆ ಎಂದೂ ಹೇಳಿದ್ದ.

ಕಡೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ನಾನು ಕೈತೊಳೆಯಲು ಹೋಗಿದ್ದೆ. ತಿರುಗಿ ಬರುವಾಗ ಶೆಡ್ಡಿನಲ್ಲಿ ನಗು ಕೇಳಿಸಿತು. ಆ ಹುಡುಗ ತನ್ನ ಊಟದ ಡಬ್ಬಿ ಬೋರಲು ಹಾಕಿ ಚಮಚೆಯಿಂದ ತಟ್ಟುತ್ತಿದ್ದ. ಕತ್ತು ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ, ನನ್ನದೇ ಗಂಟಲಿನಲ್ಲಿ ‘ಪಾಸ್’ ಎಂದ. ಹಾಗೆಯೇ ಒಬ್ಬನ ಬುತ್ತಿಯ ಬದನೇಕಾಯಿ ಪಲ್ಯ ಮೂಸಿ ‘ರಿಜೆಕ್ಟ್’ ಎಂದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಮಾಲೀಕರೂ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಅವನು ನನ್ನ ನಕಲು ಬಹಳ ಚೆನ್ನಾಗಿ ಮಾಡಿದ್ದ. ಇವತ್ತು ನೆನೆಸಿಕೊಂಡರೆ ನನಗೂ ನಗು ಬರುತ್ತದೆ. ಅವತ್ತು ಬರಲಿಲ್ಲ. ಅಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಆ ಸಣ್ಣ ಗರ್ವದ ಮೇಲೆ ನಾನು ಬದುಕಿದ್ದೆ.

ಸಂಜೆ ಅವನ ತಿಂಗಳ ಕಡೆಯ ಸಾಮಾನು ನನ್ನ ಮೇಜಿಗೆ ಬಂತು. ಹಿಟ್ಟಿನ ಗಿರಣಿಗೆ ಹೋಗುವ ಒಂದು ಪುಲ್ಲಿ, ಅಂದರೆ ಪಟ್ಟಾ ಹಾಕಿ ತಿರುಗಿಸುವ ಗಾಲಿ. ತಟ್ಟಿದೆ. ಗಂಟೆಯ ಹಾಗೆ ದನಿ ಬಂತು. ಅಂಚಿನಲ್ಲಿ ಉಸುಕಿನ ಒಂದು ಸಣ್ಣ ಕಲೆ ಇತ್ತು, ಸಾಸಿವೆ ಕಾಳಿನಷ್ಟು. ಲೇಥ್ ಮಷೀನಿನ ಮೇಲೆ ಒಂದು ಪದರ ತೆಗೆದರೆ ಹೋಗುವಂಥದ್ದು. ಅಂಥವನ್ನು ನಾನು ಸಾವಿರ ಪಾಸು ಮಾಡಿದ್ದೆ. ಹದಿನೇಳನೇ ನಂಬರಿನವನು ಎದುರಿಗೆ ನಿಂತಿದ್ದ. ಅವನ ಹಿಂದೆ ಹತ್ತು ಜನ ನಿಂತಿದ್ದರು. ನಾನು ಬ್ರಶ್ಶು ಕೆಂಪು ಡಬ್ಬಿಯಲ್ಲಿ ಅದ್ದಿದೆ.

“ರಿಜೆಕ್ಟ್,” ಅಂದೆ.

ಅವನು ಹೋಗಿ ದೊಡ್ಡ ಸುತ್ತಿಗೆ ತಂದ. ಮೂರನೇ ಏಟಿಗೆ ಗಾಲಿ ಒಡೆಯಿತು. ಒಡೆದ ಚೂರನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗೆ ಒಂದೂ ತೂತಿಲ್ಲ, ಬೂದುಬಣ್ಣದ ಕಬ್ಬಿಣದ ಸಣ್ಣ ಕಣಗಳು, ಒಂದೇ ಸಮ. ಅದನ್ನು ನಾನೂ ನೋಡಿದೆ.

“ಒಳಗ ಚಲೋ ಐತಲ್ರಿ, ಸಾಹೇಬ್ರ,” ಅಂದ, ಬಹಳ ಮೆಲ್ಲಗೆ.

“ನಾ ಹೊರಗಿಂದೂ ನೋಡಬೇಕಾಗತೈತಿ, ತಮ್ಮಾ,” ಅಂದೆ.

ಮರುದಿನದಿಂದ ಅವನು ಹೊಸ ತಿಂಗಳು ಶುರುಮಾಡಿದ. ಆದರೆ ಆ ಕೈ ಮೊದಲಿನದಾಗಿರಲಿಲ್ಲ. ಎಲ್ಲಿ ಉಸುಕು ಕಳಚುತ್ತದೋ ಎಂಬ ಅಂಜಿಕೆಗೆ ಬಿಗಿಯಾಗಿ, ಇನ್ನೂ ಬಿಗಿಯಾಗಿ ಬಡಿಯತೊಡಗಿದ. ಉಸುಕು ಅತಿ ಬಿಗಿಯಾದರೆ ಕಬ್ಬಿಣದ ಗಾಳಿ ಹೊರಗೆ ಹೋಗಲು ದಾರಿ ಸಿಗುವುದಿಲ್ಲ, ಸಾಮಾನಿನೊಳಗೆ ತೂತು ಬೀಳುತ್ತದೆ. ಹತ್ತು ದಿನದಲ್ಲಿ ಅವನ ಮೂರು ಸಾಮಾನು ನನ್ನ ಸುತ್ತಿಗೆಗೆ ಒಡಕು ದನಿ ಕೊಟ್ಟವು. ಈ ಮೂರೂ ಖರೇ ರಿಜೆಕ್ಟು. ಒಂದು ಸುಳ್ಳು ಕೆಂಪು ಬೊಟ್ಟು ಮೂರು ಖರೇ ಬೊಟ್ಟುಗಳನ್ನು ಹಡೆಯಿತು. ಅವನನ್ನು ಕರೆದು ‘ಆ ಗಾಲಿ ಚಲೋ ಇತ್ತು, ಅಂಜಬ್ಯಾಡ’ ಎಂದು ಅಂದೇ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮುಂದಿನ ಸೋಮವಾರ ಅವನು ಕೆಲಸಕ್ಕೆ ಬರಲಿಲ್ಲ. ತನ್ನ ಕೈ ಕೆಟ್ಟಿತು ಎಂದು ಪಕ್ಕದ ಮೋಲ್ಡರನಿಗೆ ಹೇಳಿ ಹೋಗಿದ್ದನಂತೆ.

ಮೂವತ್ತು ವರ್ಷದ ಮೇಲಾಯಿತು. ಈ ನಡುವೆ ನಾನು ಇದನ್ನು ಪ್ರತಿದಿನ ನೆನೆದು ಕೊರಗಿದೆ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ಬೆಂಚಿನ ಮೇಲೆ ‘ಎಂದೂ ಇಲ್ಲ’ ಎಂದ ದಿನದಿಂದ ಮಾತ್ರ ಅದು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚತೊಡಗಿತು.

ಅದೇ ವಾರ ಟೆಂಪೋದವರು ತಮ್ಮ ಮನೆಗೆ ಚಹಾಕ್ಕೆ ಕರೆದರು. ಅವರ ಮನೆಯವರು ಮಾಳಿಗೆಯ ಮೇಲೆ ಮಲ್ಲಿಗೆ, ಗುಲಾಬಿ ಬೆಳೆಸಿದ್ದಾರೆ. ಮೂಲೆಯಲ್ಲಿ ಹೊಸ ಮಣ್ಣಿನ ಕುಂಡಗಳು ಬೋರಲು ಬಿದ್ದಿದ್ದವು. ಸುಮ್ಮನೆ ನೋಡುತ್ತಿದ್ದವನಿಗೆ ಒಂದರ ತಳದಲ್ಲಿ ಒತ್ತಿದ ಅಂಕಿ ಕಂಡಿತು. ಹದಿನೇಳು. ಒಂದಕ್ಕೂ ಏಳಕ್ಕೂ ನಡುವೆ ಉಗುರಿನಿಂದ ಎಳೆದ ಸಣ್ಣ ಗೆರೆ. ಆ ಗೆರೆಯನ್ನು ನಾನು ಎಷ್ಟೋ ಕಬ್ಬಿಣದ ಮೇಲೆ ನೋಡಿದ್ದೆ, ಬೇರೆ ಯಾರೂ ಹಾಗೆ ಎಳೆಯುತ್ತಿರಲಿಲ್ಲ. ಕುಂಡ ಎಲ್ಲಿಯವು ಎಂದು ಕೇಳಿದೆ. ಖಾನಾಪುರದಲ್ಲಿ, ಹೊಳೆಗೆ ಹೋಗುವ ದಾರಿಯ ಕುಂಬಾರ ಭಟ್ಟಿಯಿಂದ ತಂದದ್ದು ಎಂದರು.

ಮನೆಗೆ ಬಂದು, ನಾಳೆ ಖಾನಾಪುರಕ್ಕೆ ಹೋಗಿ ಕುಂಡ ತರುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಮೆಂತ್ಯಪಲ್ಯೆ ಸೋಸುತ್ತಿದ್ದಳು. “ನಿಮ್ಮ ಮಾರಿ ನೋಡಿದ್ರ ಕುಂಡ ತರೂ ಮಾರಿ ಅಲ್ಲ ಅದು,” ಅಂದಳು. ಎಲ್ಲವನ್ನೂ ಹೇಳಿದೆ. ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, “ನನ್ನ ಮುಂದ ಹೇಳಿ ಹಗರ ಆಗಬ್ಯಾಡ್ರಿ. ಮುಂಜಾನೆ ಎಂಟರ ಬಸ್ಸಿಗೆ ಹೋಗ್ರಿ,” ಅಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ಕಲೆಯ ವಿಷಯ, ಆಮೇಲೆ ಆ ದಿನಗಳಲ್ಲಿ ನನ್ನ ಮೇಲಿದ್ದ ಕೆಲಸದ ಒತ್ತಡ, ಕೊನೆಗೆ ತಪ್ಪಾಯಿತು ಎಂಬ ಮಾತು. ಖಾನಾಪುರದಲ್ಲಿ ಇಳಿಯುವ ಹೊತ್ತಿಗೆ ಅದು ಒಂದು ಒಳ್ಳೆಯ ಭಾಷಣವಾಗಿತ್ತು.

ಭಟ್ಟಿ ಸಿಗಲು ತಡವಾಗಲಿಲ್ಲ. ಅಂಗಳದ ತುಂಬ ಕುಂಡ, ಹಣತೆ, ಒಲೆ ಒಣಗಲು ಇಟ್ಟಿದ್ದರು. ತಲೆ ಪೂರ್ತಿ ಬೆಳ್ಳಗಾದ ಒಬ್ಬ ಮನುಷ್ಯ ಮಣ್ಣು ಮೆತ್ತಿದ ಕೈಯಿಂದಲೇ ಕರೆದ. “ಬರ್ರಿ. ಎಷ್ಟ ಕುಂಡ ಬೇಕ್ರಿ?”

ಬಾಯಿಗೆ ಬಂದದ್ದು “ಎರಡು”. ಮಾತು ಶುರುಮಾಡಲು ಧೈರ್ಯ ಸಾಲದೆ ಕುಂಡ ಆರಿಸುವವನಂತೆ ಒಂದೊಂದನ್ನೇ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋದೆ. ನಾಲ್ಕನೆಯದನ್ನು ತಟ್ಟುವಾಗ ಹಿಂದಿನಿಂದ ದನಿ ಬಂತು.

“ಚೆಕರ್ ಸಾಹೇಬ್ರ?”

ತಿರುಗಿ ನೋಡಿದೆ. ಅವರು ನಗುತ್ತಿದ್ದರು. “ಹಂಗ ಕತ್ತು ಓರೆ ಮಾಡಾವ್ರು ಈ ಜಗತ್ತಿನಾಗ ಒಬ್ಬರ ಅದಾರು. ಕುಂದರ್ರಿ, ಕುಂದರ್ರಿ. ಚಹಾ ಆಗ್ಲಿ.”

ಆಗಿನ ಹುಡುಗನಿಗೆ ಏಕವಚನ ನಡೆಯುತ್ತಿತ್ತು. ಈಗ ನನ್ನ ನಾಲಿಗೆಗೆ ತಾನಾಗಿಯೇ ‘ನೀವು’ ಬಂತು. ಅವರು ತಮ್ಮ ಕಥೆ ಹೇಳಿದರು. ಫೌಂಡ್ರಿ ಬಿಟ್ಟ ಮೇಲೆ ಬೀಡಿಯಲ್ಲಿ ತಮ್ಮಂದಿರ ನಡುವೆ ಕೆಲಸ ಇರಲಿಲ್ಲ, ಹೆಂಡತಿಯ ತವರಿನ ಈ ಭಟ್ಟಿಗೆ ಬಂದರು, ಇಲ್ಲಿಯೇ ಉಳಿದರು. ಮಣ್ಣು ತುಳಿಯುವುದು, ತಿಗರಿಯ ಮೇಲೆ ಕುಂಡ ಎತ್ತುವುದು ಅವರ ಕೆಲಸ. ಭಟ್ಟಿ ಯಾವಾಗ ಹಚ್ಚಬೇಕು, ಯಾವಾಗ ತೆಗೆಯಬೇಕು ಎಂಬುದೆಲ್ಲ ಹೆಂಡತಿಯ ಅಣ್ಣನದು. “ಅದರಾಗ ನನ್ನ ಕೇಳೂದಿಲ್ರಿ,” ಅಂದರು, ಹವಾಮಾನ ಹೇಳಿದಷ್ಟು ಸಹಜವಾಗಿ.

ಕುಂಡದ ತಳಕ್ಕೆ ಹದಿನೇಳು ಯಾಕೆ ಒತ್ತುತ್ತೀರಿ ಎಂದು ಕೇಳಿದೆ.

“ಕೆಟ್ಟಿದ್ರ ತಿರಿಗಿ ನನ್ನ ಕಡೆನ ಬರ್ಲಿ ಅಂತ.”

ಇನ್ನು ತಡೆಯಲಾಗಲಿಲ್ಲ. ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಹಾಗೆಯೇ ಹೇಳಿದೆ, ಕಲೆ, ಒತ್ತಡ, ಎಲ್ಲ. ಡಬ್ಬಿ ತಟ್ಟಿ ನಗಿಸಿದ್ದರಿಂದ ನನಗೆ ಸಿಟ್ಟು ಬಂದಿತ್ತು ಎಂಬುದನ್ನು ನಡುವೆ ಎಲ್ಲೋ ಸಣ್ಣದಾಗಿ ಸೇರಿಸಿದೆ. ಅವರು ಬೆರಳ ಸಂದಿಯ ಒಣಮಣ್ಣು ಕೆರೆಯುತ್ತ ಕೇಳಿದರು.

“ಒಡದಾಗ ಒಳಗ ನೋಡಿದ್ನಲ್ರಿ,” ಅಂದರು ಕಡೆಗೆ. “ಚಲೋ ಐತಿ ಅಂತ ಕಣ್ಣು ಹೇಳ್ತು. ಆದ್ರ ನೀವು ಸಾಲಿ ಕಲಿತಾವ್ರು. ನನ್ನ ಕಣ್ಣಿಗಿಂತ ನಿಮ್ಮ ಕಣ್ಣು ಖರೇ ಇರಬೇಕು ಅಂದ್ಕೊಂಡೆ.”

ಇದಕ್ಕಿಂತ ಅವರು ಒಂದು ಏಟು ಹೊಡೆದಿದ್ದರೆ ವಾಸಿ ಇತ್ತು. ತಪ್ಪಾತು ಎಂದೆ. ಅವರು ತಲೆ ಅಲ್ಲಾಡಿಸಿದರು.

“ನನಗೊಬ್ಬಗ ಹೇಳಿದ್ರ ಹೆಂಗ್ರಿ? ಅಂದು ಹತ್ತು ಮಂದಿ ಮುಂದ ರಿಜೆಕ್ಟ್ ಅಂದ್ರಿ. ಇದನ್ನ ನನ್ನ ಮನ್ಯಾಕಿ ಮುಂದ ಹೇಳ್ರಿ.” ಎಂದವರೇ ಒಳಗೆ ಕೂಗಿದರು. “ಏ, ಇಲ್ಲಿ ಬಾ. ಫೌಂಡ್ರಿ ಸಾಹೇಬ್ರು ಬಂದಾರ.”

ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದರು. ಖಾನಾಪುರದ ಮರಾಠಿ ಮನೆತನದವರು, ಕನ್ನಡವನ್ನು ಮರಾಠಿಯ ವೇಗದಲ್ಲಿ ಆಡುತ್ತಿದ್ದರು. “ಯಾವ ಸಾಹೇಬ್ರು? ನಮ್ಮವರು ಗಾಲಿ ಕೆಡಿಸಿದ್ರಲ್ಲ, ಅಲ್ಲಿಯವ್ರ?”

“ಇವರು ಕೆಡಿಸಿದ್ದಿಲ್ಲಮ್ಮಾ,” ಅಂದೆ. ಮತ್ತೆ ಶುರುಮಾಡಿದೆ. “ಆ ಗಾಲಿ ಮ್ಯಾಲ ಒಂದು ಸಣ್ಣ ಕಲಿ ಇತ್ತು...”

“ಕಲಿ ಮಾತು ಬಿಡ್ರಿ,” ಅಂದರು ಹದಿನೇಳನೇ ನಂಬರಿನವರು. “ಅಂಥಾವು ನೀವು ದಿನಾ ಪಾಸ್ ಮಾಡತಿದ್ರಿ.”

ಹೌದು ಎಂದೆ. ಕಲೆ ಬಿಟ್ಟು ಹೇಳಿದೆ. ಆ ಹೆಣ್ಣುಮಗಳು ನೆಟ್ಟಗೆ ನಿಂತು ಕೇಳಿದರು. ಮುಗಿದ ಮೇಲೆ ನನ್ನನ್ನೂ ಗಂಡನನ್ನೂ ಒಂದೊಂದು ಸಲ ನೋಡಿದರು.

“ನಮ್ಮ ಅಪ್ಪ ಸಾಯೂತನಕ ಇವರ ಕೈಯಾಗ ಭಟ್ಟಿ ಕೊಡಲಿಲ್ರಿ. ಕಬ್ಬಿಣ ಕೆಡಿಸಿದ ಕೈ ಮಣ್ಣ ಬಿಡತೈತೇನು ಅಂತಿದ್ರು. ಅಪ್ಪ ಅಂದಿದ್ದು ಇರ್ಲಿ, ನಾ ಅಂದಿದ್ದು ಎಷ್ಟು. ಇವರು ಆಮಟಿಗೆ ಉಪ್ಪು ಹೆಚ್ಚಾತು ಅಂದ್ರ, ನೀವ ರಿಜೆಕ್ಟ್ ಮಾಲು, ನೀವೇನು ನನ್ನ ಅಡಿಗಿ ರಿಜೆಕ್ಟ್ ಮಾಡತೀರಿ ಅಂತಿದ್ದೆ. ಮೂವತ್ತು ವರ್ಷ ಅಂದೀನಿ. ಈಗ ಅದನ್ನೆಲ್ಲಾ ಹೊಳ್ಳಿ ತಗೊಂಡು ಎಲ್ಲಿ ಇಡ್ಲಿ, ಹೇಳ್ರಿ ನೀವ.”

“ನನ್ನ ತಲಿ ಮ್ಯಾಲ ಇಡ್ರಿ,” ಅಂದೆ.

“ನಿಮ್ಮ ತಲಿ ಮ್ಯಾಲ ಇಡಾಕ ಕೂದಲರ ಎಲ್ಲಿ ಅದಾವು?” ಎಂದವರು ಗಂಡನ ಕಡೆ ತಿರುಗಿದರು. “ಅಹೋ, ಒಳಗ ಚಲೋ ಇತ್ತು ಅಂತ ನಿಮಗ ಗೊತ್ತಿತ್ತು. ಒಂದು ಸಲನೂ ಯಾಕ ಅನಲಿಲ್ಲ?”

“ಅಂದಿದ್ರ ನೀ ನಂಬತಿದ್ದೇನು?”

ಹೆಂಡತಿ ನೆಲ ನೋಡಿದರು. “ಇಲ್ಲ,” ಅಂದರು. ಆಮೇಲೆ ನನಗೆ, “ಏಳ್ರಿ. ನಮ್ಮ ಅಣ್ಣನ ಮುಂದೂ ಹೇಳ್ರಿ. ಅಪ್ಪ ಇಲ್ಲ, ಅಣ್ಣರ ಕೇಳ್ಲಿ,” ಎಂದರು.

ಅವರ ಅಣ್ಣ ಭಟ್ಟಿಯ ಬಾಜುವಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ದಪ್ಪ ಮೀಸೆ, ಕಡಿಮೆ ಮಾತು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ ಎಂದು ನಾನು ಮರಾಠಿಯಲ್ಲಿ ಹೇಳಬೇಕಾಯಿತು. ನನ್ನ ಮರಾಠಿ ಪೇಟೆಯಲ್ಲಿ ಕಾಯಿಪಲ್ಯೆ ಕೊಳ್ಳುವಷ್ಟರದು. ಅದರಲ್ಲಿ ಒತ್ತಡ, ಪರಿಸ್ಥಿತಿ ಎಂಬಂಥ ಮಾತಿಗೆ ಜಾಗವೇ ಇರಲಿಲ್ಲ. ಮಣ್ಣು ತುಳಿಯುತ್ತಿದ್ದ ಇಬ್ಬರು ಹೆಂಗಸರು ಕೆಲಸ ಬಿಟ್ಟು ಹತ್ತಿರ ಬಂದು ನಿಂತರು. ಇಷ್ಟೇ ಹೇಳಿದೆ. ಗಾಲಿ ಚೆನ್ನಾಗಿತ್ತು. ಇವರು ನನ್ನ ನಕಲು ಮಾಡಿ ಎಲ್ಲರನ್ನೂ ನಗಿಸಿದ್ದರು, ನನಗೆ ಸಿಟ್ಟು ಬಂದಿತ್ತು. ಅದಕ್ಕೇ ಕೆಂಪು ಹಚ್ಚಿದೆ. ಇವರ ಕೈಯಲ್ಲಿ ತಪ್ಪಿರಲಿಲ್ಲ.

ಮೂರನೇ ಸಲಕ್ಕೆ ಉಳಿದದ್ದು ಇಷ್ಟು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದರಲ್ಲಿ ಮಿಕ್ಕಿದ್ದೆಲ್ಲ ಅಂಗಳದಲ್ಲಿಯೇ ಎಲ್ಲೋ ಉದುರಿಹೋಗಿತ್ತು.

ಅಣ್ಣ ಮೀಸೆಯ ತುದಿ ತಿರುವಿದರು. ನನಗೆ ಬೈಗಳ ಬರಬಹುದೆಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ತಂಗಿಯ ಗಂಡನನ್ನು ಆ ಕಡೆ ದಾಜಿ ಎನ್ನುತ್ತಾರೆ. ಅಣ್ಣ ಕುರ್ಚಿಯಿಂದ ಎದ್ದು, ಮುಚ್ಚಿದ ಭಟ್ಟಿಯ ಕಡೆ ಗದ್ದ ಎತ್ತಿ ತೋರಿಸಿ, “ದಾಜಿ, ಆಜ್ ಉಘಡಾಯ್ಚಿ ಕಾ ಉದ್ಯಾ?” ಅಂದರು. ಭಟ್ಟಿ ಇವತ್ತು ತೆಗೆಯೋಣವೋ ನಾಳೆಯೋ ಎಂದು ಕೇಳಿದ್ದು ಅಷ್ಟೇ. ಆದರೆ ಅವರ ತಂಗಿ ಸೆರಗು ಬಾಯಿಗೆ ಒತ್ತಿಕೊಂಡರು.

ಹದಿನೇಳನೇ ನಂಬರಿನವರು ಉತ್ತರ ಹೇಳಲು ಅವಸರ ಮಾಡಲಿಲ್ಲ. ಕೈ ಮಣ್ಣನ್ನು ಲುಂಗಿಗೆ ಒರೆಸಿ ಭಟ್ಟಿಯ ಹತ್ತಿರ ಹೋದರು. ಗೋಡೆಗೆ ಅಂಗೈ ಹಚ್ಚಿದರು. ಸ್ವಲ್ಪ ಸರಿದು ಇನ್ನೊಂದು ಕಡೆ ಹಚ್ಚಿದರು. ಒಂದು ಸುತ್ತು ಪೂರ್ತಿ ಬಂದರು. ನಾವೆಲ್ಲ ನಿಂತು ನೋಡುತ್ತಿದ್ದೆವು, ಹೆಂಗಸರೂ ಕಾಲಿನ ಮಣ್ಣು ಒಣಗುವುದನ್ನು ಮರೆತು ನಿಂತಿದ್ದರು.

“ನಾಳಿಗೆ,” ಅಂದರು. “ಇನ್ನೂ ಬಿಸಿ ಐತಿ. ಇವತ್ತು ತಗದ್ರ ಸೀಳತಾವು.”

“ಬರಂ,” ಎಂದು ಅಣ್ಣ ಒಪ್ಪಿ ಕುರ್ಚಿಯನ್ನು ಮಡಚಿದರು. ಭಟ್ಟಿಯ ಬಾಯಿ ಬಿಚ್ಚಲು ತಂದಿಟ್ಟಿದ್ದ ಹಾರೆಯನ್ನು ಎತ್ತಿ ಗೋಡೆಗೆ ಒರಗಿಸಿದರು.

ಕ್ಷಮಿಸಿದೆ ಎಂದು ಹದಿನೇಳನೇ ನಂಬರಿನವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದಾಗ ಗೇಟಿನವರೆಗೆ ಬಂದರು. “ನಾಳಿ ಭಟ್ಟಿ ತಗೀತೀನ್ರಿ,” ಅಂದರು, ಮೊದಲ ಸಲ ಹೇಳುವ ಮಾತನ್ನು ಹೇಗಿರುತ್ತದೆಂದು ಬಾಯಲ್ಲಿ ಇಟ್ಟು ನೋಡಿದ ಹಾಗೆ. ಆಮೇಲೆ ಒಳಗಿನಿಂದ ಹೆಂಡತಿ ಕರೆದರು, ಅವರು ಹೊರಳಿ ಹೋದರು.